ಗಿರಾಕಿ ಮೂಲಶೋಧ (ಕ್ಷೌರ ವೃತ್ತಿ)

ಗಿರಾಕಿ ಮೂಲಶೋಧ ಎಂದರೆ ಕ್ಷೌರದ ಅಂಗಡಿಗೆ ಮೊದಲ ಸಲ ಬಂದವರಿಗೆ ಆ ಅಂಗಡಿಯ ವಿಷಯ ಯಾರಿಂದ ಅಥವಾ ಯಾವುದರಿಂದ ತಿಳಿಯಿತೆಂಬುದನ್ನು ಕೇಳಿ, ಬರೆದಿಟ್ಟು, ಎಣಿಸಿ ನೋಡುವ ಕ್ರಮ. ಜಾಹೀರಾತಿನ ಫಲವನ್ನು ಅಳೆಯಲು ದೊಡ್ಡ ವ್ಯಾಪಾರಗಳಲ್ಲಿ ಬೆಳೆದ ಪದ್ಧತಿಗಳು ಎರಡು ಮೂರು ಕುರ್ಚಿಯ ಅಂಗಡಿಗೆ ಇಳಿದು ಬಂದಾಗ ತಳೆದ ರೂಪವಿದು. ಬೋರ್ಡಿಗೆ ದೀಪ ಹಾಕಿಸುವುದೋ, ಕರಪತ್ರ ಹಂಚಿಸುವುದೋ, ಇನ್‌ಸ್ಟಾಗ್ರಾಂಗೆ ದುಡ್ಡು ಕಟ್ಟುವುದೋ ಅಥವಾ ಇರುವ ಗಿರಾಕಿಗಳನ್ನೇ ಇನ್ನಷ್ಟು ಚೆನ್ನಾಗಿ ನೋಡಿಕೊಳ್ಳುವುದೋ ಎಂಬುದನ್ನು ಊಹೆಯ ಮೇಲೆ ಬಿಡದೆ ನಿರ್ಧರಿಸುವುದು ಇದರ ಉದ್ದೇಶ.

ಈ ಕೆಲಸದಲ್ಲಿ ಕ್ಷೌರಿಕರಿಗೆ ಉಳಿದ ಬಹುತೇಕ ಕಸುಬುಗಳಿಗಿಲ್ಲದ ಒಂದು ಅನುಕೂಲವಿದೆ. ಕಿರಾಣಿ ಅಂಗಡಿಯ ಗಿರಾಕಿ ಎರಡು ನಿಮಿಷದಲ್ಲಿ ಚೀಲ ಹಿಡಿದು ಹೊರಡುತ್ತಾನೆ. ಕ್ಷೌರದ ಗಿರಾಕಿ ಇಪ್ಪತ್ತು ಮೂವತ್ತು ನಿಮಿಷ ಒಂದೇ ಕಡೆ ಕೂತು ಮಾತಿಗೆ ಸಿಗುತ್ತಾನೆ. ಹಾಗೆಯೇ ಒಂದು ತೊಡಕೂ ಇದೆ. ಆ ಅರ್ಧ ಗಂಟೆ ಕ್ಷೌರಿಕನ ಎರಡು ಕೈಯೂ ಕತ್ತರಿ, ಬಾಚಣಿಗೆ, ನೊರೆಯಲ್ಲಿರುತ್ತವೆ. ಕೇಳಿದ್ದು ಕಿವಿಗೆ ಬೀಳುತ್ತದೆ, ಕಾಗದಕ್ಕೆ ಬರುವುದಿಲ್ಲ. ಮುಂದಿನ ಗಿರಾಕಿ ಕುರ್ಚಿಗೆ ಬರುವ ಹೊತ್ತಿಗೆ ಮರೆತಿರುತ್ತದೆ.

ಪರಿಭಾಷೆ

'ಗ್ರಾಹಕ' ಎಂಬ ಮಾತು ಕಾನೂನು, ಬ್ಯಾಂಕುಗಳ ಬರವಣಿಗೆಯಲ್ಲಿ ರೂಢಿಯಲ್ಲಿದ್ದರೂ ಅಂಗಡಿಯೊಳಗಿನ ಮಾತು 'ಗಿರಾಕಿ'. ಈ ಲೇಖನ ಅದನ್ನೇ ಬಳಸುತ್ತದೆ. ಆ ಅಂಗಡಿಯ ಕುರ್ಚಿಯಲ್ಲಿ ಮೊದಲ ಬಾರಿಗೆ ಕೂತವರು 'ಹೊಸ ಗಿರಾಕಿ'. ಹಿಂದೆ ಬರುತ್ತಿದ್ದು, ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟು ಮತ್ತೆ ಬಂದವರು 'ಮರಳಿದ ಗಿರಾಕಿ'. ಊರು ಬಿಟ್ಟು ದುಡಿಯಲು ಹೋಗಿ ಹಿಂತಿರುಗಿದವರು, ಬೇರೆ ಅಂಗಡಿ ನೋಡಿ ಬಂದವರು ಈ ಗುಂಪಿಗೆ ಸೇರುತ್ತಾರೆ. ಇವರನ್ನು ಹೊಸಬರೊಡನೆ ಎಣಿಸಿದರೆ ಲೆಕ್ಕ ಕೆಡುತ್ತದೆ. ಕನಿಷ್ಠ ಮೂರು ಸಲ ಬಂದವರು 'ಖಾಯಂ ಗಿರಾಕಿ'.

'ಮೂಲ' ಮತ್ತು 'ನೆಪ' ಬೇರೆ ಬೇರೆ. ಅಂಗಡಿ ಇದೆ ಎಂಬ ಸಂಗತಿ ಎಲ್ಲಿಂದ ತಿಳಿಯಿತೋ ಅದು ಮೂಲ; ಇವತ್ತೇ ಬಾಗಿಲು ದಾಟುವಂತೆ ಮಾಡಿದ್ದು ನೆಪ. ಒಬ್ಬರು ಎರಡು ವರ್ಷ ದಿನವೂ ಒಂದು ಬೋರ್ಡನ್ನು ನೋಡುತ್ತಲೇ ಬೇರೆ ಕಡೆ ಕ್ಷೌರ ಮಾಡಿಸಿಕೊಳ್ಳುತ್ತಿದ್ದು, ನಾಳೆ ಮದುವೆಗೆ ಹೋಗಬೇಕೆನ್ನುವ ದಿನ ತಮ್ಮ ಖಾಯಂ ಅಂಗಡಿ ಮುಚ್ಚಿದ್ದನ್ನು ಕಂಡು ಇತ್ತ ತಿರುಗಬಹುದು. ಇಲ್ಲಿ ಮೂಲ ಬೋರ್ಡು, ನೆಪ ಇನ್ನೊಂದು ಅಂಗಡಿಯ ರಜೆ. ಕರ್ನಾಟಕದ ಹಲವು ಊರುಗಳಲ್ಲಿ ಕ್ಷೌರದ ಅಂಗಡಿಗಳಿಗೆ ಮಂಗಳವಾರ ವಾರದ ರಜೆ. ಅಂದು ತೆರೆದಿರುವ ಅಂಗಡಿಗೆ ಬರುವ ಹೊಸಬರಲ್ಲಿ ಇಂಥ ನೆಪದವರು ಸಹಜವಾಗಿ ಹೆಚ್ಚು. ಜಾಹೀರಾತು ಶಾಸ್ತ್ರದಲ್ಲಿ ಇದಕ್ಕೆ ಸಂವಾದಿಯಾದ ಜೋಡಿ 'ಮೊದಲ ಸುಳಿವು' ಮತ್ತು 'ಕೊನೆಯ ಸುಳಿವು'. ಪೂರ್ತಿ ಶ್ರೇಯಸ್ಸು ಯಾವುದಕ್ಕೆ ಸಲ್ಲಬೇಕೆಂಬ ಚರ್ಚೆ ಆ ಶಾಸ್ತ್ರದಲ್ಲಿ ಮುಗಿದಿಲ್ಲ. ಸಣ್ಣ ಅಂಗಡಿಗೆ ಎರಡನ್ನೂ ಬೇರೆ ಬೇರೆ ಬರೆದುಕೊಂಡರೆ ಸಾಕು.

ಹಿನ್ನೆಲೆ

ಹೊಸ ಗಿರಾಕಿ ಎಂಬ ಕಲ್ಪನೆಯೇ ಕ್ಷೌರ ವೃತ್ತಿಗೆ ಈಚಿನದು. ಕನ್ನಡ ನಾಡಿನ ಹಳ್ಳಿಗಳ ಆಯಗಾರ ಪದ್ಧತಿಯಲ್ಲಿ ಕಮ್ಮಾರ, ಬಡಗಿ, ಕುಂಬಾರ, ಅಗಸರಂತೆ ಕ್ಷೌರಿಕನೂ ಊರಿನ ಆಯಗಾರರಲ್ಲಿ ಒಬ್ಬ. ಇಂತಿಂಥ ಮನೆಗಳು ಇಂಥವನಿಗೆ ಎಂದು ಗೊತ್ತಾಗಿರುತ್ತಿತ್ತು. ವರ್ಷವಿಡೀ ಮಾಡಿದ ಕೆಲಸಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣದ ಬಳಿ ಧಾನ್ಯದ ಪಾಲು, ಅಂದರೆ 'ಆಯ', ಸಿಗುತ್ತಿತ್ತು. ಮನೆತನಗಳು ತಲೆಮಾರಿನಿಂದ ತಲೆಮಾರಿಗೆ ಸಾಗಿ ಬರುತ್ತಿದ್ದುದರಿಂದ ಗಿರಾಕಿ ಎಲ್ಲಿಂದ ಬಂದ ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ. ಆಯ ಹೋಗಿ ರೊಕ್ಕ ಬಂದು, ಮನೆ ಬಾಗಿಲಿಗೆ ಹೋಗುತ್ತಿದ್ದ ಕ್ಷೌರಿಕ ಪೇಟೆಯಲ್ಲಿ ಕನ್ನಡಿ ಹಾಕಿ ಕೂತ ಮೇಲೆ, ಗುರುತಿಲ್ಲದ ಮುಖ ಕುರ್ಚಿಗೆ ಬರತೊಡಗಿತು. ಪ್ರಶ್ನೆ ಹುಟ್ಟಿದ್ದು ಅಲ್ಲಿಂದ.

ಮೂಲವನ್ನು ಎಣಿಸುವ ತಂತ್ರ ಬೇರೆಡೆ ಬೆಳೆಯಿತು. ಅಮೆರಿಕದ ಅಂಚೆ ಮಾರಾಟದ ವ್ಯಾಪಾರಿಗಳು ಒಂದೊಂದು ಪತ್ರಿಕೆಯ ಜಾಹೀರಾತಿಗೂ ಒಂದೊಂದು ಗುರುತಿನ ಕೂಪನ್ ಅಥವಾ ವಿಳಾಸ ಅಚ್ಚು ಹಾಕಿಸಿ, ವಾಪಸು ಬಂದ ಪತ್ರದ ಮೇಲಿನ ಗುರುತು ನೋಡಿ ಯಾವ ಪತ್ರಿಕೆ ಫಲ ಕೊಟ್ಟಿತೆಂದು ತಿಳಿಯುತ್ತಿದ್ದರು. ಕ್ಲಾಡ್ ಹಾಪ್‌ಕಿನ್ಸ್ 1923ರ 'ಸೈಂಟಿಫಿಕ್ ಅಡ್ವರ್ಟೈಸಿಂಗ್' ಪುಸ್ತಕದಲ್ಲಿ ಈ ಗುರುತು ಹಾಕುವ ಪದ್ಧತಿಯನ್ನು ಜಾಹೀರಾತಿನ ತಳಹದಿಯೆಂದು ಪ್ರತಿಪಾದಿಸಿದ. ಬಾಯಿಮಾತಿನ ಪ್ರಭಾವವನ್ನು ಅಳೆಯಲು ತೊಡಗಿದವರು ಸಮಾಜಶಾಸ್ತ್ರಜ್ಞರು. ಪಾಲ್ ಲಾಜರ್ಸ್‌ಫೆಲ್ಡ್ 1935ರಲ್ಲಿ 'ಏಕೆ' ಎಂದು ಕೇಳುವ ಕಲೆಯ ಬಗ್ಗೆ ಬರೆದ ಲೇಖನ, ಎಲಿಹು ಕಾಟ್ಜ್ ಜೊತೆಗೂಡಿ 1955ರಲ್ಲಿ ಪ್ರಕಟಿಸಿದ 'ಪರ್ಸನಲ್ ಇನ್‌ಫ್ಲುಯೆನ್ಸ್' ಈ ದಿಕ್ಕಿನ ಮುಖ್ಯ ಕೃತಿಗಳು. ಇಲಿನಾಯ್ ರಾಜ್ಯದ ಡೆಕೇಟರ್ ಪಟ್ಟಣದ ಮಹಿಳೆಯರು ಸಾಮಾನು, ಉಡುಗೆತೊಡುಗೆ, ಸಿನಿಮಾ ಆರಿಸಿಕೊಳ್ಳುವಾಗ ಪತ್ರಿಕೆ, ರೇಡಿಯೊಗಿಂತ ತಮ್ಮ ನಡುವಿನ ಬಲ್ಲವರ ಮಾತಿಗೆ ಹೆಚ್ಚು ಕಿವಿಗೊಟ್ಟಿದ್ದನ್ನು ಈ ಪುಸ್ತಕ ತೋರಿಸಿತು. ಹೇರ್ ಸ್ಟೈಲ್ ಕೂಡ ಆ ಅಧ್ಯಯನದ ಉಡುಗೆತೊಡುಗೆ ವಿಭಾಗದೊಳಗೇ ಬರುತ್ತದೆ.

ಭಾರತದಲ್ಲಿ ಇದಕ್ಕೊಂದು ದೇಶೀ ಉಪಾಯವೂ ಸಿಕ್ಕಿತು. ಮಿಸ್ಡ್ ಕಾಲ್ ಕೊಟ್ಟು ಕಾಸು ಉಳಿಸುವ ಜನರ ಅಭ್ಯಾಸವನ್ನೇ ಜಾಹೀರಾತಿನ ಅಳತೆಗೋಲು ಮಾಡಿದ ಜಿಪ್‌ಡಯಲ್ ಕಂಪನಿ 2010ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. 2015ರಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡಿತು. ಜಾಹೀರಾತಿಗೊಂದು ನಂಬರು, ಬಂದ ಕರೆಗಳೆಷ್ಟೋ ಅಷ್ಟು ಎಣಿಕೆ ಎಂಬುದು ಅದರ ತಿರುಳು.

ಮೂಲಗಳ ಬಗೆಗಳು

ಕ್ಷೌರದ ಅಂಗಡಿಯ ಮಟ್ಟಿಗೆ ಮೂಲಗಳಲ್ಲಿ ಮೊದಲು ಬರುವುದು ಬಾಯಿಮಾತು. ಸ್ನೇಹಿತ, ನೆರೆಮನೆಯವರು, ಪಿ.ಜಿ. ರೂಮಿನ ಸಂಗಾತಿ, ಕಚೇರಿಯ ಸಹೋದ್ಯೋಗಿ, ಪಕ್ಕದ ಚಹಾದಂಗಡಿಯವರು ಹೇಳಿದ್ದೆಲ್ಲ ಇದರಲ್ಲಿ ಸೇರುತ್ತದೆ. ಬಾಯಿಮಾತಿಗೆ ಹೇಳಿದವರು ಬೇಕೆಂದೂ ಇಲ್ಲ. ಸಹಪಾಠಿಯ ತಲೆ ನೋಡಿ 'ಎಲ್ಲಿ ಮಾಡಿಸಿದೆ' ಎಂದು ಕೇಳಿಕೊಂಡು ಬರುವವರು ಹಲವರು. ಕ್ಷೌರದಲ್ಲಿ ಮಾಡಿದ ಕೆಲಸವೇ ಊರೆಲ್ಲ ಓಡಾಡುವ ಬೋರ್ಡು.

ಇದಕ್ಕೆ ಹತ್ತಿರವಾದರೂ ಬೇರೆಯೇ ಆದದ್ದು 'ಕೈ ಹಿಂದೆ ಬಂದವರು'. ಗಿರಾಕಿ ಅಂಗಡಿಗಿಂತ ಹೆಚ್ಚಾಗಿ ಕೈಗೆ ಒಗ್ಗಿಕೊಂಡಿರುತ್ತಾನೆ. ಒಬ್ಬ ಕ್ಷೌರಿಕ ಒಂದು ಅಂಗಡಿ ಬಿಟ್ಟು ಇನ್ನೊಂದಕ್ಕೆ ಸೇರಿದಾಗ ಅವನ ಕೈಗುಣ ಮೆಚ್ಚಿದವರು ಜೊತೆಗೇ ಬರುತ್ತಾರೆ. ಅಂಗಡಿಗೆ ಇವರು ಹೊಸಬರು, ಕ್ಷೌರಿಕನಿಗೆ ಹಳಬರು. ಕುರ್ಚಿಯನ್ನು ಬಾಡಿಗೆಗೆ ಕೊಡುವ ಪದ್ಧತಿ ಬಳಕೆಯಲ್ಲಿರುವ ಅಮೆರಿಕದಲ್ಲಿ ಈ ವ್ಯತ್ಯಾಸಕ್ಕೆ ಇನ್ನೂ ಹೆಚ್ಚಿನ ಬೆಲೆ: ಅಲ್ಲಿ ಗಿರಾಕಿಗಳ ಪಟ್ಟಿ ಯಾರದೆಂಬುದೇ ಅಂಗಡಿಯ ಯಜಮಾನ ಮತ್ತು ಕುರ್ಚಿ ಹಿಡಿದವರ ನಡುವಿನ ಒಪ್ಪಂದದ ವಿಷಯವಾಗುತ್ತದೆ.

ದಾರಿಹೋಕರದು ಮೂರನೆಯ ಗುಂಪು. ಬೋರ್ಡು, ಗಾಜಿನ ಬಾಗಿಲು, ಬಸ್ ನಿಲ್ದಾಣದ ಸಾಮೀಪ್ಯ, ಒಳಗೆ ಖಾಲಿ ಕುರ್ಚಿ ಕಾಣುವುದು ಇವುಗಳೇ ಇಲ್ಲಿ ಕೆಲಸ ಮಾಡುತ್ತವೆ. ಕರ್ನಾಟಕದಲ್ಲಿ ನಾಮಫಲಕದ ಮೇಲ್ಭಾಗದ 60 ಪ್ರತಿಶತ ಜಾಗ ಕನ್ನಡಕ್ಕಿರಬೇಕೆಂದು 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಬೋರ್ಡು ಬದಲಿಸಿದ ತಿಂಗಳು ಮೂಲಗಳ ಲೆಕ್ಕದಲ್ಲೂ ಒಂದು ಗೆರೆ ಎಳೆದುಕೊಳ್ಳುವುದು ಒಳ್ಳೆಯದು, ಆಗ ಮೊದಲಿನ ಮತ್ತು ನಂತರದ ದಾರಿಹೋಕರ ಸಂಖ್ಯೆ ಹೋಲಿಕೆಗೆ ಸಿಗುತ್ತದೆ.

ಅಂತರ್ಜಾಲದ ಮೂಲಗಳಲ್ಲಿ ಗೂಗಲ್ ಮ್ಯಾಪ್ಸ್, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಸ್ಟೇಟಸ್, ಬುಕಿಂಗ್ ಆ್ಯಪ್‌ಗಳು ಮುಖ್ಯ. ಕಾಗದದ ಮೂಲಗಳೆಂದರೆ ದಿನಪತ್ರಿಕೆಯೊಳಗೆ ಇಟ್ಟು ಹಂಚುವ ಕರಪತ್ರ, ಗೋಡೆ ಭಿತ್ತಿಪತ್ರ, ವಿಸಿಟಿಂಗ್ ಕಾರ್ಡು. ಹಾಸ್ಟೆಲ್, ಜಿಮ್, ಕಲ್ಯಾಣ ಮಂಟಪ, ಛಾಯಾಗ್ರಾಹಕರೊಡನೆ ಮಾಡಿಕೊಂಡ ಒಪ್ಪಂದದಿಂದ ಬರುವವರೂ ಇದ್ದಾರೆ.

ಅನೇಕ ಊರುಗಳಲ್ಲಿ ಕ್ಷೌರಿಕರ ಸಮುದಾಯವಾದ ಸವಿತಾ ಸಮಾಜದ ಸ್ಥಳೀಯ ಸಂಘಗಳು ದರಪಟ್ಟಿ ನಿಗದಿ ಮಾಡಿ ಅಂಗಡಿಗಳ ಗೋಡೆಗೆ ಹಾಕಿಸುತ್ತವೆ. ಎಲ್ಲ ಕಡೆ ಒಂದೇ ದರವಿರುವ ಊರಿನಲ್ಲಿ 'ಅಗ್ಗವೆಂದು ಬಂದೆ' ಎಂಬ ಉತ್ತರ ಬರುವುದು ಕಡಿಮೆ; ಜಾಗ, ಕೈಗುಣ, ಪರಿಚಯ ಈ ಮೂರೇ ಗಿರಾಕಿಯನ್ನು ಹಂಚುತ್ತವೆ.

ಕೇಳಿ ತಿಳಿಯುವ ವಿಧಾನ

ನೇರವಾಗಿ ಕೇಳುವುದು ಎಲ್ಲಕ್ಕಿಂತ ಹಳೆಯ, ಖರ್ಚಿಲ್ಲದ, ಸಣ್ಣ ಅಂಗಡಿಗೆ ಎಲ್ಲಕ್ಕಿಂತ ಹೊಂದುವ ವಿಧಾನ. ಆದರೆ ಪ್ರಶ್ನೆಯ ಪದಗಳೇ ಉತ್ತರವನ್ನು ತಿರುಗಿಸಿಬಿಡುತ್ತವೆ. ಕನ್ನಡದಲ್ಲಿ ಸಹಜವಾಗಿ ಬಾಯಿಗೆ ಬರುವ 'ಎಲ್ಲಿಂದ ಬಂದ್ರಿ?' ಎಂಬ ಪ್ರಶ್ನೆ ಈ ಕೆಲಸಕ್ಕೆ ಬಾರದು. ಕೇಳಿಸಿಕೊಂಡವರು ಊರಿನ ಹೆಸರೋ ಬಡಾವಣೆಯ ಹೆಸರೋ ಹೇಳುತ್ತಾರೆ. 'ಯಾರು ಕಳಿಸಿದ್ರು?' ಎಂದರೆ ಯಾರೋ ಕಳಿಸಿದ್ದಾರೆಂದು ಮೊದಲೇ ತೀರ್ಮಾನಿಸಿದಂತೆ. ಬೋರ್ಡು ನೋಡಿ ಬಂದವರೂ ಒಬ್ಬ ಪರಿಚಿತರ ಹೆಸರು ಹುಡುಕಿ ಹೇಳಿಬಿಡುತ್ತಾರೆ. 'ಇನ್‌ಸ್ಟಾದಲ್ಲಿ ನೋಡಿದ್ರಾ?' ಎಂಬುದಕ್ಕೆ ಸೌಜನ್ಯಕ್ಕಾಗಿ ಹೌದೆನ್ನುವವರು ಉಂಟು. 'ನಮ್ಮ ಅಂಗಡಿ ನಿಮಗೆ ಹೇಗೆ ಗೊತ್ತಾಯ್ತು?' ಎಂಬುದು ಯಾವ ಕಡೆಗೂ ವಾಲದ ಪ್ರಶ್ನೆ.

ಲಾಜರ್ಸ್‌ಫೆಲ್ಡ್ ತನ್ನ 1935ರ ಲೇಖನದಲ್ಲಿ ತೋರಿಸಿದ್ದು ಇದನ್ನೇ. 'ಇದನ್ನು ಏಕೆ ಕೊಂಡಿರಿ' ಎಂಬ ಒಂದೇ ಪ್ರಶ್ನೆಗೆ ಒಬ್ಬರು ವಸ್ತುವಿನ ಗುಣ ಹೇಳುತ್ತಾರೆ, ಇನ್ನೊಬ್ಬರು ಹೇಳಿದವರ ಹೆಸರು ಹೇಳುತ್ತಾರೆ, ಮತ್ತೊಬ್ಬರು ಅಂದಿನ ಅಗತ್ಯ ಹೇಳುತ್ತಾರೆ. ಮೂವರೂ ನಿಜವನ್ನೇ ಹೇಳಿದ್ದಾರೆ, ಆದರೆ ಮೂರು ಬೇರೆ ಪ್ರಶ್ನೆಗಳಿಗೆ. ಕ್ಷೌರದ ಕುರ್ಚಿಯಲ್ಲಿ ಇದನ್ನು ಎರಡು ಪ್ರಶ್ನೆಯಾಗಿ ಒಡೆಯುವುದು ಸುಲಭ. 'ಹೇಗೆ ಗೊತ್ತಾಯ್ತು' ಎಂಬುದು ಮೂಲಕ್ಕೆ. ಸ್ವಲ್ಪ ಹೊತ್ತಿನ ಮೇಲೆ, ಮಾತಿನ ನಡುವೆ, 'ಇಷ್ಟು ದಿನ ಎಲ್ಲಿ ಮಾಡಿಸ್ತಿದ್ರಿ' ಎಂಬುದು ನೆಪಕ್ಕೆ. ಎರಡನೆಯದರ ಉತ್ತರದಲ್ಲಿ ಹಳೆಯ ಅಂಗಡಿಯನ್ನು ಬಿಟ್ಟ ಕಾರಣ ತಾನಾಗಿ ಹೊರಬರುತ್ತದೆ.

ಕೇಳುವ ಹೊತ್ತೂ ಮುಖ್ಯ. ಬಟ್ಟೆ ಹೊದಿಸಿ, ಹೇಗೆ ಕತ್ತರಿಸಬೇಕೆಂದು ವಿಚಾರಿಸುವಾಗಲೇ ಕೇಳಿದರೆ ಅದು ಕೆಲಸದ ಮಾತಿನ ಭಾಗವಾಗುತ್ತದೆ. ಹಣ ಕೊಡುವಾಗ ಕೇಳಿದರೆ ಗಿರಾಕಿಗೆ ಹೊರಡುವ ಅವಸರ, ಉತ್ತರ ಮೊಟಕು. ಗಡ್ಡಕ್ಕೆ ಕತ್ತಿ ಹಿಡಿದಾಗ ಕೇಳುವುದಂತೂ ಸಲ್ಲದು, ಬಾಯಿ ಅಲುಗಿದರೆ ಗಾಯ. ಬೆಂಗಳೂರಿನಂಥ ನಗರಗಳಲ್ಲಿ ಕುರ್ಚಿಯ ಹಿಂದೆ ನಿಂತವರ ಭಾಷೆಯೂ ಕುರ್ಚಿಯಲ್ಲಿ ಕೂತವರ ಭಾಷೆಯೂ ಬೇರೆಯಾಗಿರುವುದುಂಟು. ಅಲ್ಲಿ ಒಂದೇ ಪ್ರಶ್ನೆಯನ್ನು ಕನ್ನಡ, ಹಿಂದಿ ಮೊದಲಾದ ಭಾಷೆಗಳಲ್ಲಿ ಮೊದಲೇ ಬರೆದು ಕನ್ನಡಿಯ ಪಕ್ಕ ಅಂಟಿಸಿಕೊಂಡರೆ ಎಲ್ಲರೂ ಒಂದೇ ರೀತಿ ಕೇಳುತ್ತಾರೆ.

ಗುರುತು ಹಾಕುವ ವಿಧಾನ

ಕೇಳದೆ ತಿಳಿಯುವ ಉಪಾಯಗಳೆಲ್ಲ ಹಾಪ್‌ಕಿನ್ಸ್ ಕಾಲದ ಕೂಪನ್ನಿನ ಸಂತತಿ. ಎರಡು ಪೇಪರ್ ಏಜೆಂಟರ ಮೂಲಕ ಹಂಚುವ ಕರಪತ್ರವನ್ನು ಎರಡು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ, 'ಇದನ್ನು ತಂದವರಿಗೆ ತಲೆ ಮಸಾಜ್ ಉಚಿತ' ಎಂದರೆ ವಾಪಸು ಬಂದ ಚೀಟಿಗಳ ಬಣ್ಣವೇ ಲೆಕ್ಕ. ಎರಡು ಸಿಮ್ ಇರುವ ಫೋನಿನಲ್ಲಿ ಒಂದು ನಂಬರನ್ನು ಬೋರ್ಡಿಗೂ ಇನ್ನೊಂದನ್ನು ಕರಪತ್ರಕ್ಕೂ ಕೊಟ್ಟರೆ ಕರೆ ಯಾವುದಕ್ಕೆ ಬಂತೆಂದು ಪರದೆಯ ಮೇಲೇ ಕಾಣುತ್ತದೆ. ಖಾಯಂ ಗಿರಾಕಿಗೆ ಅವರ ಹೆಸರಿನ ಮೊದಲಕ್ಷರ ಬರೆದ ನಾಲ್ಕು ಕಾರ್ಡು ಕೊಟ್ಟು, ಅದರಲ್ಲಿ ಒಂದು ಹಿಡಿದು ಹೊಸಬರು ಬಂದಾಗ ಇಬ್ಬರಿಗೂ ರಿಯಾಯಿತಿ ಕೊಡುವುದು ಬಾಯಿಮಾತಿಗೆ ಗುರುತು ಹಾಕುವ ಕ್ರಮ.

ಕ್ಯೂಆರ್ ಕೋಡ್ ಈ ಕೆಲಸವನ್ನು ಹಗುರ ಮಾಡಿದೆ. ಜಪಾನಿನ ಡೆನ್ಸೊ ವೇವ್ ಸಂಸ್ಥೆಯಲ್ಲಿ ಮಸಾಹಿರೊ ಹಾರಾ ನೇತೃತ್ವದ ತಂಡ 1994ರಲ್ಲಿ ಕಾರಿನ ಬಿಡಿಭಾಗಗಳನ್ನು ಗುರುತಿಸಲು ರೂಪಿಸಿದ ಈ ಚೌಕ, 2016ರಲ್ಲಿ ಯುಪಿಐ ಬಂದ ಮೇಲೆ ಭಾರತದ ಕ್ಷೌರದಂಗಡಿಗಳ ಕನ್ನಡಿಗೂ ಅಂಟಿತು. ಹಣ ಪಡೆಯುವ ಕೋಡ್ ಮತ್ತು ಮೂಲ ತಿಳಿಸುವ ಕೋಡ್ ಬೇರೆ ಬೇರೆ ಎಂಬುದನ್ನು ಇಲ್ಲಿ ಹೇಳಬೇಕು. ಹಣದ ಕೋಡ್‌ನಿಂದ ಪಾವತಿದಾರರ ಹೆಸರು, ಅವರು ಹಿಂದೆ ಹಣ ಕೊಟ್ಟಿದ್ದಾರೆಯೇ ಎಂಬುದು ತಿಳಿಯಬಹುದು. ಹೇಗೆ ಬಂದರೆಂದು ತಿಳಿಯದು. ಮಗನ ಕ್ಷೌರಕ್ಕೆ ತಂದೆ ದುಡ್ಡು ಹಾಕಿದರೆ ಹೆಸರೂ ತಪ್ಪುತ್ತದೆ. ಮೂಲಕ್ಕಾಗಿ ಜಿಮ್ಮಿಗೊಂದು, ಹಾಸ್ಟೆಲ್ಲಿಗೊಂದು, ಕರಪತ್ರಕ್ಕೊಂದು ಎಂದು ಬೇರೆ ಬೇರೆ ಕೋಡ್ ಮಾಡಿಸಬೇಕು. ವಾಟ್ಸ್ಆ್ಯಪ್ ಕೊಂಡಿಯಲ್ಲಿ ಸಂದೇಶವನ್ನು ಮೊದಲೇ ಬರೆದಿಡುವ ಅವಕಾಶವಿರುವುದರಿಂದ, ಜಿಮ್ಮಿನ ಕೋಡ್ ಸ್ಕ್ಯಾನ್ ಮಾಡಿದವರ ಫೋನಿನಲ್ಲಿ 'ಜಿಮ್ಮಿನಲ್ಲಿ ನೋಡಿದೆ, ಸಮಯ ಬೇಕು' ಎಂಬ ಸಾಲು ತಾನಾಗಿ ಮೂಡುವಂತೆ ಮಾಡಬಹುದು. 2018ರಲ್ಲಿ ಬಂದ ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್‌ನಲ್ಲಿ ಪ್ರತಿ ಸಂಭಾಷಣೆಗೂ ಬಣ್ಣದ ಲೇಬಲ್ ಅಂಟಿಸುವ ಸೌಲಭ್ಯವಿದೆ. ಅದಕ್ಕೆ ಮೂಲದ ಹೆಸರಿಟ್ಟರೆ ಅದೇ ಒಂದು ಸಣ್ಣ ದಫ್ತರ.

ಅಂತರ್ಜಾಲದ ಜಾಡು

ಗೂಗಲ್ ಬಿಸಿನೆಸ್ ಪ್ರೊಫೈಲ್ (2021ರವರೆಗೆ ಗೂಗಲ್ ಮೈ ಬಿಸಿನೆಸ್) ಅಂಗಡಿಯ ಯಜಮಾನರಿಗೆ ಎಷ್ಟು ಜನ ಪ್ರೊಫೈಲ್ ನೋಡಿದರು, ಯಾವ ಪದ ಹಾಕಿ ಹುಡುಕಿದರು, ಎಷ್ಟು ಜನ ದಾರಿ ಕೇಳಿದರು, ಎಷ್ಟು ಜನ ಕರೆಯ ಗುಂಡಿ ಒತ್ತಿದರು ಎಂಬ ಲೆಕ್ಕವನ್ನು ಉಚಿತವಾಗಿ ಕೊಡುತ್ತದೆ. ಇದನ್ನು ಓದುವಾಗ ಒಂದು ಭೇದ ನೆನಪಿಡಬೇಕು. ಅಂಗಡಿಯ ಹೆಸರನ್ನೇ ಹಾಕಿ ಹುಡುಕಿದವರು ಮೊದಲೇ ಯಾರಿಂದಲೋ ಕೇಳಿದವರು. ಮ್ಯಾಪ್ ಅವರಿಗೆ ದಾರಿ ತೋರಿಸಿತಷ್ಟೆ. 'ಹತ್ತಿರದ ಸಲೂನ್' ಎಂದು ಹುಡುಕಿದವರಿಗೆ ಮಾತ್ರ ಮ್ಯಾಪೇ ಮೂಲ. ಎರಡನ್ನೂ ಒಟ್ಟು ಹಾಕಿ 'ಗೂಗಲ್‌ನಿಂದ ಬಂದವರು' ಎಂದರೆ ಬಾಯಿಮಾತಿನ ಪಾಲು ಮ್ಯಾಪಿನ ಖಾತೆಗೆ ಹೋಗುತ್ತದೆ. ಸಣ್ಣ ಅಂಗಡಿಗಳ ಲೆಕ್ಕದಲ್ಲಿ ಇದಕ್ಕಿಂತ ಸುಲಭವಾಗಿ ಆಗುವ ತಪ್ಪು ಬೇರೊಂದಿಲ್ಲ.

ಸ್ವಂತ ವೆಬ್ ಪುಟ ಇರುವವರು ಕೊಂಡಿಗಳ ಬಾಲಕ್ಕೆ ಯುಟಿಎಂ ಗುರುತು ಸೇರಿಸಿ ಯಾವ ಜಾಹೀರಾತಿನಿಂದ ಭೇಟಿ ಬಂತೆಂದು ನೋಡಬಹುದು. ಆ ಹೆಸರಿನ ಮೊದಲಕ್ಷರ ಯು (U) ಗೂಗಲ್ 2005ರಲ್ಲಿ ಕೊಂಡ ಅರ್ಚಿನ್ (Urchin) ಎಂಬ ಕಂಪನಿಯದು. ಇನ್‌ಸ್ಟಾಗ್ರಾಂ ಇನ್‌ಸೈಟ್ಸ್ ಒಂದು ರೀಲನ್ನು ಎಷ್ಟು ಜನ ನೋಡಿದರು, ಅದರಿಂದ ಎಷ್ಟು ಜನ ಪ್ರೊಫೈಲಿಗೆ ಬಂದರು ಎನ್ನುತ್ತದೆ. ನೋಡಿದವರು ಅಂಗಡಿಯ ಊರಿನವರೇ ಎಂಬುದನ್ನು ಬೇರೆಯಾಗಿ ಪರೀಕ್ಷಿಸಬೇಕು, ಏಕೆಂದರೆ ಫೇಡ್ ಕಟ್‌ನ ವಿಡಿಯೊ ಬೇರೆ ರಾಜ್ಯದಲ್ಲಿ ಲಕ್ಷ ಜನ ನೋಡಿದರೂ ದಾವಣಗೆರೆಯ ಕುರ್ಚಿಗೆ ಅದರಿಂದ ಗಿರಾಕಿ ಬರುವುದಿಲ್ಲ. ಫ್ರೆಶಾ, ಬುಕ್ಸಿ, ಸ್ಕ್ವೈರ್ ಮೊದಲಾದ ಬುಕಿಂಗ್ ವೇದಿಕೆಗಳು ಯುರೋಪು, ಅಮೆರಿಕದ ಅಂಗಡಿಗಳಲ್ಲಿ ಸಮಯ ಕಾದಿರಿಸುವ ಕೆಲಸದ ಜೊತೆಗೇ ಹೊಸ ಗಿರಾಕಿ, ಹಳೆಯ ಗಿರಾಕಿ ಎಂಬ ವಿಂಗಡಣೆಯನ್ನೂ ಮಾಡಿಕೊಡುತ್ತವೆ. ನಡೆದು ಬಂದು ಸರದಿಗೆ ಬೆಂಚಿನ ಮೇಲೆ ಕೂರುವ ರೂಢಿಯಿರುವ ಕಡೆ ಇವುಗಳಿಗೆ ಕೆಲಸ ಕಡಿಮೆ.

ದಾಖಲೆ

ಮೂಲಶೋಧ ಗೆಲ್ಲುವುದೂ ಸೋಲುವುದೂ ಪುಸ್ತಕದಲ್ಲಿ. ಕೇಳುವವರು ಬಹಳ, ಬರೆಯುವವರು ಕಡಿಮೆ. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ದಾರ ಕಟ್ಟಿದ ಪೆನ್ನಿನೊಡನೆ ಒಂದು ನೋಟ್‌ಬುಕ್ ಇದ್ದರೆ ಸಾಕು. ದಿನಾಂಕ, ಗುರುತಿಗೊಂದು ಹೆಸರು, ಮೂಲ, ನೆಪ, ಮಾಡಿದ ಕೆಲಸ, ಯಾವ ಕುರ್ಚಿ ಎಂದು ಆರು ಮನೆ. ಬರೆಯಲು ಕೈ ಬಿಡುವಿಲ್ಲದ ಶನಿವಾರ, ಭಾನುವಾರಗಳಿಗೆ ಇನ್ನೂ ಸುಲಭದ ಉಪಾಯ: ಮೂಲಕ್ಕೊಂದರಂತೆ ನಾಲ್ಕೈದು ಡಬ್ಬಿ ಇಟ್ಟು ಹೊಸ ಗಿರಾಕಿ ಎದ್ದಾಗ ಒಂದು ಹುಣಸೆಬೀಜ ಹಾಕುವುದು. ರಾತ್ರಿ ಬಾಗಿಲು ಹಾಕುವ ಮೊದಲು ಎಣಿಸಿ ಪುಸ್ತಕಕ್ಕೆ ಏರಿಸಬಹುದು. ಓದು ಬರಹ ಹೆಚ್ಚಿಲ್ಲದ ಕೆಲಸಗಾರರಿರುವಲ್ಲೂ ಇದು ನಡೆಯುತ್ತದೆ.

ಮೂವರು ಸ್ನೇಹಿತರು ಒಟ್ಟಿಗೆ ಬಂದರೆ ಮೊದಲಿಗನ ಮೂಲ ಅವನದು, ಉಳಿದ ಇಬ್ಬರದು ಬಾಯಿಮಾತು. ತಂದೆ ಕರೆತಂದ ಮಗುವನ್ನು ಬೇರೆ ಗಿರಾಕಿಯೆಂದು ಎಣಿಸಬೇಕೋ ಮನೆಯ ಲೆಕ್ಕಕ್ಕೆ ಸೇರಿಸಬೇಕೋ ಎಂಬುದನ್ನು ಅಂಗಡಿ ಮೊದಲೇ ನಿರ್ಧರಿಸಿ, ವರ್ಷವಿಡೀ ಅದಕ್ಕೇ ಅಂಟಿಕೊಳ್ಳಬೇಕು. 'ನೆನಪಿಲ್ಲ' ಎಂಬುದಕ್ಕೂ ಒಂದು ಮನೆ ಇರಲೇಬೇಕು. ಅದಿಲ್ಲದಿದ್ದರೆ ನೆನಪಿಲ್ಲದವರೆಲ್ಲ ಕೇಳುವವರಿಗೆ ಇಷ್ಟವಾದ ಮನೆಗೆ ಬೀಳುತ್ತಾರೆ.

ಲೆಕ್ಕ

ಎಷ್ಟು ಜನ ಬಂದರು ಎಂಬುದು ಅರ್ಧ ಲೆಕ್ಕ. ಬಂದವರಲ್ಲಿ ಎಷ್ಟು ಜನ ನಿಂತರು ಎಂಬುದು ಉಳಿದರ್ಧ. ಒಂದು ಕಲ್ಪಿತ ಅಂಗಡಿಯ ಉದಾಹರಣೆ ತೆಗೆದುಕೊಳ್ಳೋಣ. ಒಂದು ತಿಂಗಳಲ್ಲಿ 40 ಹೊಸ ಗಿರಾಕಿಗಳು: ಬಾಯಿಮಾತಿನಿಂದ 18, ಬೋರ್ಡು ನೋಡಿ 12, ಮ್ಯಾಪಿನಿಂದ 6, ಇನ್‌ಸ್ಟಾಗ್ರಾಂ ಜಾಹೀರಾತಿನಿಂದ 3, ನೆನಪಿಲ್ಲದವರು 1. ಮೂರು ತಿಂಗಳ ನಂತರ ಪುಸ್ತಕ ತಿರುವಿದಾಗ ಮತ್ತೆ ಬಂದವರು ಕ್ರಮವಾಗಿ 12, 4, 3 ಮತ್ತು 1, ನೆನಪಿಲ್ಲದವರು ಬಂದಿಲ್ಲ. ಬೋರ್ಡು ನೋಡಿ ಬಂದವರಲ್ಲಿ ಮೂರರಲ್ಲಿ ಒಬ್ಬರು ಉಳಿದರೆ, ಬಾಯಿಮಾತಿನವರಲ್ಲಿ ಮೂರರಲ್ಲಿ ಇಬ್ಬರು ಉಳಿದರು.

ಖರ್ಚನ್ನು ಇದಕ್ಕೆ ಸೇರಿಸಬೇಕು. ಆ ಜಾಹೀರಾತಿಗೆ 1,500 ರೂಪಾಯಿ ಕೊಟ್ಟಿದ್ದರೆ ಒಬ್ಬ ಹೊಸ ಗಿರಾಕಿಯ ಬೆಲೆ 500 ರೂಪಾಯಿ, ಉಳಿದ ಒಬ್ಬ ಗಿರಾಕಿಯ ಬೆಲೆ 1,500. ಕ್ಷೌರದ ದರ 150 ರೂಪಾಯಿಯಿದ್ದು ಆ ಒಬ್ಬರು ತಿಂಗಳಿಗೊಮ್ಮೆ ಬಂದರೆ ವರ್ಷಕ್ಕೆ 1,800. ಒಂದೇ ಸಲ ಬಂದು ಹೋದ ಇಬ್ಬರಿಂದ 300. ಬಾಡಿಗೆ, ಸಾಮಾನು, ಕೆಲಸಗಾರರ ಪಾಲು ಕಳೆದರೆ ಮೊದಲ ವರ್ಷ ನಷ್ಟವೇ. ಅವರು ಮೂರು ವರ್ಷ ಬಂದು, ಇಬ್ಬರನ್ನು ಕರೆತಂದರೆ ಲೆಕ್ಕ ಬೇರೆಯಾಗುತ್ತದೆ. ಹಾಗೆ ಕರೆತಂದ ಇಬ್ಬರ ಮೂಲ ಪುಸ್ತಕದಲ್ಲಿ ಬಾಯಿಮಾತೆಂದು ಬರುತ್ತದೆ, ಆ ಸರಪಳಿಯ ತುದಿಯಲ್ಲಿರುವ ಜಾಹೀರಾತು ಕಾಣುವುದಿಲ್ಲ. ಹೇಳಿದವರ ಹೆಸರನ್ನೂ ಬರೆದಿಟ್ಟಿದ್ದರೆ ಮಾತ್ರ ಸರಪಳಿಯನ್ನು ಹಿಂದಕ್ಕೆ ಹಿಡಿಯಬಹುದು.

ಸಣ್ಣ ಸಂಖ್ಯೆಗಳ ಏರಿಳಿತದಲ್ಲಿ ಅರ್ಥ ಹುಡುಕುವುದು ಇನ್ನೊಂದು ಅಪಾಯ. ತಿಂಗಳಿಗೆ ಸರಾಸರಿ 8 ಗಿರಾಕಿ ಕೊಡುವ ಮೂಲ ಬೇರೇನೂ ಬದಲಾಗದೆ ಒಂದು ತಿಂಗಳು 5, ಇನ್ನೊಂದು ತಿಂಗಳು 11 ಕೊಡುವುದು ತೀರ ಸಹಜ. ಮೂರು ನಾಲ್ಕು ತಿಂಗಳು ಒಂದೇ ದಿಕ್ಕಿಗೆ ಸರಿದರೆ ಮಾತ್ರ ಗಮನಿಸಬೇಕು.

ಋತುಮಾನ

ಕ್ಷೌರ ವೃತ್ತಿಯ ಏರಿಳಿತಕ್ಕೆ ತನ್ನದೇ ಪಂಚಾಂಗವಿದೆ. ಶ್ರಾವಣದಲ್ಲಿ ಹಲವರು ಕ್ಷೌರ ಮಾಡಿಸುವುದಿಲ್ಲ. ಅಯ್ಯಪ್ಪ ಮಾಲೆ ಧರಿಸಿದವರು 41 ದಿನಗಳ ವ್ರತದಲ್ಲಿ ಗಡ್ಡ ಬಿಡುತ್ತಾರೆ. ಮಕರ ಸಂಕ್ರಾಂತಿ ಕಳೆಯುತ್ತಲೇ ಅಂಗಡಿಗಳು ತುಂಬುತ್ತವೆ. ರಂಜಾನ್ ಹಬ್ಬದ ಮುನ್ನಾದಿನ, ಮದುವೆಯ ತಿಂಗಳುಗಳು, ಊರ ಜಾತ್ರೆಯ ವಾರ ಹೊಸ ಮುಖಗಳ ಕಾಲ. ಧಾರವಾಡ, ಮಣಿಪಾಲ, ಮೈಸೂರುಗಳಂಥ ವಿದ್ಯಾಕೇಂದ್ರಗಳಲ್ಲಿ ಕಾಲೇಜು ಶುರುವಾದಾಗ ಹಾಸ್ಟೆಲಿನ ಹುಡುಗರ ಒಂದು ಅಲೆಯೇ ಬರುತ್ತದೆ. ಸಂಕ್ರಾಂತಿಯ ಹಿಂದಿನ ವಾರ ಕರಪತ್ರ ಹಂಚಿ, ಆಮೇಲೆ ಬಂದ ಜನರನ್ನೆಲ್ಲ ಅದರ ಫಲವೆಂದು ಬಗೆದರೆ ತಪ್ಪಾಗುತ್ತದೆ. ಹೋದ ವರ್ಷದ ಅದೇ ತಿಂಗಳಿನೊಡನೆ ಹೋಲಿಸುವುದು ಸರಿಯಾದ ಕ್ರಮ. ಅದಕ್ಕೆ ಕನಿಷ್ಠ ಎರಡು ವರ್ಷದ ಪುಸ್ತಕ ಬೇಕು.

ಖಾಸಗಿತನ ಮತ್ತು ಕಾನೂನು

ಗಿರಾಕಿಯ ಹೆಸರು, ಫೋನ್ ನಂಬರು ಬರೆದುಕೊಳ್ಳುವಾಗ ಅವರ ಒಪ್ಪಿಗೆ ಬೇಕು, ಬರೆದದ್ದನ್ನು ಹೇಳಿದ ಉದ್ದೇಶಕ್ಕೇ ಬಳಸಬೇಕು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ತೀರ್ಪಿತ್ತ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಬೆನ್ನಿಗೆ ನಡೆದ ಪ್ರಯತ್ನಗಳ ಫಲವಾಗಿ ಬಂದದ್ದು ಡಿಜಿಟಲ್ ರೂಪದ ವೈಯಕ್ತಿಕ ಮಾಹಿತಿಯನ್ನು ಕುರಿತ 2023ರ ಕಾಯ್ದೆ. ಮೂಲದ ಎಣಿಕೆಗೆ ಫೋನ್ ನಂಬರಿನ ಅಗತ್ಯವೇ ಇಲ್ಲ. ಹುಣಸೆಬೀಜದ ಡಬ್ಬಿಗೆ ಯಾರ ಹೆಸರೂ ಬೇಡ. ವಿಮರ್ಶೆ ಬರೆದವರಿಗೆ ರಿಯಾಯಿತಿ ಕೊಡುವುದನ್ನು ಗೂಗಲ್‌ನ ನಿಯಮಗಳು ನಿಷೇಧಿಸುತ್ತವೆ. ಹೊಸಬರನ್ನು ಕರೆತಂದವರಿಗೆ ಕೊಡುವ ರಿಯಾಯಿತಿ ಬೇರೆ, ಅದಕ್ಕೆ ಈ ಅಡ್ಡಿಯಿಲ್ಲ.

ಈ ವೃತ್ತಿಯಲ್ಲಿ ಇನ್ನೂ ಆಳವಾದ ಎಚ್ಚರವೊಂದು ಬೇಕು. ಹಳ್ಳಿಯ ಕಟ್ಟುಪಾಡು ದಲಿತರಿಗೆ ಕ್ಷೌರವನ್ನು ನಿರಾಕರಿಸಿದ ಇತಿಹಾಸ ದೀರ್ಘವಾದದ್ದು. ಅಂಥ ಘಟನೆಗಳು ಕರ್ನಾಟಕದ ಕೆಲವು ಹಳ್ಳಿಗಳಿಂದ ಈಚಿನ ವರ್ಷಗಳಲ್ಲೂ ವರದಿಯಾಗಿವೆ. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ಈ ಹಿನ್ನೆಲೆಯಲ್ಲಿ 'ಎಲ್ಲಿಯವರು', 'ಯಾವ ಕೇರಿ' ಎಂಬ ಮಾತು ಕುರ್ಚಿಯಲ್ಲಿ ಕೂತವರ ಕಿವಿಗೆ ಜಾತಿಯ ಪ್ರಶ್ನೆಯಾಗಿ ಬೀಳಬಹುದು. ಮೂಲದ ಪುಸ್ತಕದಲ್ಲಿ ಕೇರಿ, ಸಮುದಾಯಗಳ ಮನೆ ಇರಲೇಬಾರದು. 'ಅಂಗಡಿ ಹೇಗೆ ಗೊತ್ತಾಯ್ತು' ಎಂಬ ಪ್ರಶ್ನೆ ಅಂಗಡಿಯನ್ನು ಕುರಿತದ್ದು, ಗಿರಾಕಿಯನ್ನಲ್ಲ. ಅದು ಹಗುರವಾಗಿ ಕೇಳಿಸುವುದು ಅದಕ್ಕೇ.

ಇಂದಿನ ಸ್ಥಿತಿ

2020ರ ಲಾಕ್‌ಡೌನ್‌ನಲ್ಲಿ ಅಂಗಡಿಗಳು ಮುಚ್ಚಿದಾಗ ಕರ್ನಾಟಕ ಸರ್ಕಾರ ಕ್ಷೌರಿಕರಿಗೆ ತಲಾ 5,000 ರೂಪಾಯಿ ನೆರವು ಘೋಷಿಸಿತು. ಆಗ ಹೇಳಿದ ಫಲಾನುಭವಿಗಳ ಸಂಖ್ಯೆ ಸುಮಾರು 2.30 ಲಕ್ಷ. ಪಕ್ಕದ ತಮಿಳುನಾಡಿನಲ್ಲಿ ಅಂಗಡಿಗಳು ಮತ್ತೆ ತೆರೆದಾಗ ಗಿರಾಕಿಯ ಹೆಸರು, ವಿಳಾಸ, ಆಧಾರ್ ಸಂಖ್ಯೆ ಬರೆದುಕೊಳ್ಳಬೇಕೆಂಬ ನಿಯಮ ಬಂತು. ಕ್ಷೌರದಂಗಡಿಯಲ್ಲಿ ಗಿರಾಕಿಯ ಪುಸ್ತಕ ಸರ್ಕಾರದ ಆಜ್ಞೆಯಿಂದ ಕಾಣಿಸಿಕೊಂಡ ಅಪರೂಪದ ಸಂದರ್ಭವದು. ಅದರ ಗುರಿ ಸೋಂಕಿನ ಜಾಡು ಹಿಡಿಯುವುದಾಗಿತ್ತು.

ನಗರಗಳ ಸರಪಳಿ ಸಲೂನುಗಳಲ್ಲಿ ಬಿಲ್ ಹಾಕುವ ತಂತ್ರಾಂಶವೇ ಮೂಲದ ಮನೆಯನ್ನೂ ತುಂಬಿಸಿಕೊಳ್ಳುತ್ತದೆ. ಮನೆಗೇ ಬಂದು ಕ್ಷೌರ ಮಾಡುವ ಸೇವೆಯನ್ನು 2014ರಲ್ಲಿ ಅರ್ಬನ್‌ಕ್ಲ್ಯಾಪ್ ಎಂಬ ಹೆಸರಿನಲ್ಲಿ ಆರಂಭವಾದ ಅರ್ಬನ್ ಕಂಪನಿಯಂಥವು ಒದಗಿಸುತ್ತವೆ. ಇಲ್ಲಿ ಗಿರಾಕಿಯ ಮೂಲ ಕಂಪನಿಗೆ ಗೊತ್ತಿರುತ್ತದೆ, ಕೆಲಸ ಮಾಡುವ ಕ್ಷೌರಿಕನಿಗೆ ಗೊತ್ತಿರುವುದಿಲ್ಲ. ಆಯಗಾರನಿಗೆ ಊರು ಮನೆಗಳನ್ನು ಗೊತ್ತುಮಾಡಿದಂತೆ ಇವನಿಗೆ ಆ್ಯಪ್ ಮನೆಗಳನ್ನು ಗೊತ್ತುಮಾಡುತ್ತದೆ. ವ್ಯತ್ಯಾಸವೆಂದರೆ ಆಯಗಾರನ ಮನೆಗಳು ಮಗನಿಗೂ ಸಲ್ಲುತ್ತಿದ್ದವು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ ಯಂತ್ರವನ್ನೇ 'ಒಳ್ಳೆಯ ಸಲೂನ್ ಯಾವುದು' ಎಂದು ಕೇಳುವ ಅಭ್ಯಾಸವೂ ಹುಟ್ಟಿದೆ. ಅಂಥ ಭೇಟಿಗಳು ಅಂಗಡಿಯ ಕಡೆ ಜಾಡನ್ನೇ ಉಳಿಸದಿರಬಹುದು, ಆಗ ಕುರ್ಚಿಯಲ್ಲಿ ಕೂತವರನ್ನು ಕೇಳಿದರಷ್ಟೇ ತಿಳಿಯುತ್ತದೆ.